ತಾಳದಜ್ಜಿಯ ಪಕ್ಕೆಲುಬು

ಬಹಳ ಹಿಂದೆ, ಏಳು ಕಡಲಿನಾಚೆ, ಆನೆಗಳು ಭತ್ತ ತುಳಿಯುತ್ತಿದ್ದ ಕಾಲಕ್ಕೆ, ಚಂಪಕನಾಡೆಂಬ ರಾಜ್ಯವಿತ್ತು. ಅಲ್ಲಿನ ಗುಡಿಯಲ್ಲಿ ಕಲ್ಲಿನ ಶಿವ ದಿನಾ ಕುಣಿಯುತ್ತಿದ್ದ. ಅವನ ಕಾಲಬಳಿ ಕೂತು ತಾಳ ತಟ್ಟುತ್ತಿದ್ದವಳು ಕಲ್ಲಿನ ತಾಳದಜ್ಜಿ, ಶಿವನ ಮೇಲೆ ಹಾಡು ಕಟ್ಟಿದ ಭಕ್ತೆ. ಶಿವ ಕುಣಿದರೆ ಹೊಳೆ ಹರಿಯುತ್ತಿತ್ತು.

ಧೂಮಕೇಶನೆಂಬ ಮಾಂತ್ರಿಕ ಅಜ್ಜಿಯ ಮೂರ್ತಿಯನ್ನು ಪುಡಿಮಾಡಿದ. ತಾಳವಿಲ್ಲದೆ ಶಿವನ ಕುಣಿತ ನಿಂತಿತು. ಹೊಳೆ ಕಲ್ಲಾಯಿತು. "ಮತ್ತೆ ಕಡೆಯಿರಿ ನೋಡೋಣ! ಮೂರು ಸಲ ತಪ್ಪಿದವನು ತಾನೇ ಕಲ್ಲಾಗ್ತಾನೆ" ಎಂದು ನಕ್ಕ.

"ನಾನಿದೀನಲ್ಲ!" ಎನ್ನುತ್ತ ಹಡಗಿಳಿದ ಕನ್ನಡನಾಡಿನ ಶಿಲ್ಪಿ ಬಮ್ಮೋಜ. "ನನ್ನ ಉಳಿ ಕಂಡ್ರೆ ಕಲ್ಲೇ ದಾರಿ ಬಿಡ್ತದೆ."

"ಅಜ್ಜಿ ತನ್ನ ಚೆಲುವನ್ನೆಲ್ಲ ಶಿವನಿಗೇ ಕೊಟ್ಟು ಬರೀ ಮೂಳೆಯಾಗಿದ್ದಳಪ್ಪಾ" ಎಂದ ರಾಜ.

"ಗುಡಿಯೊಳಗೆ ಮೂಳೆ ಕಡೆದ್ರೆ ನನ್ನ ಹೆಸರೇನಾಗಬೇಕು ಸ್ವಾಮಿ?"

ಅವನ ಹಿಂದೆ ಗಂಜಿಯ ಗಡಿಗೆ ಹೊತ್ತ ಬಡಕಲು ಮುದುಕಿ. "ಆಕೆ ಯಾರು?" ರಾಜ ಕೇಳಿದ.

"ಗಂಜಿ ಕಾಯಿಸೋ ಆಳು."

ಆಕೆ ಅವನ ತಾಯಿ ನಿಂಗವ್ವ. ಬರ ಬಂದ ವರ್ಷ ತನ್ನ ಪಾಲನ್ನೂ ಮಗನಿಗೇ ಉಣಿಸಿದವಳು. ಅಂದು ಕರಗಿದ ಮೈ ಮತ್ತೆ ತುಂಬಲೇ ಇಲ್ಲ. ಮಗನ ಮಾತು ಕೇಳಿಸಿಕೊಂಡು ಗಡಿಗೆಯನ್ನು ಸರಿಯಾಗಿ ಹೊತ್ತುಕೊಂಡಳು.

ಮೊದಲ ಸಲ ಬಮ್ಮೋಜ ಹೂಮುಡಿದ ತುಂಬುಚೆಲುವೆಯನ್ನು ಕಡೆದ. ಶಿಲ್ಪಿಗಳ ಪದ್ಧತಿಯಂತೆ ಕೊನೆಗೆ ಚಿನ್ನದ ಉಳಿಯಿಂದ ಕಣ್ಣು ತೆರೆಸಿದ. ತಾಳ ಮಿಡುಕಲಿಲ್ಲ. ಅವನು ಮೊಣಕಾಲಿನವರೆಗೆ ಕಲ್ಲಾದ.

"ಏನಪ್ಪಾ ಶೂರ, ಕಾಲು ಗಟ್ಟಿಯಾಯ್ತಾ?" ಹೊಳೆದಂಡೆಯ ತಾಳೆಮರದ ಮೇಲಿಂದ ಮಾಂತ್ರಿಕ ಕೂಗಿದ.

ಎರಡನೇ ಸಲ ಮುತ್ತಿನ ಸರದ ರಾಣಿಯನ್ನು ಕಡೆದ. ಕಣ್ಣು ತೆರೆಸಿದ. ತಾಳ ಮಿಡುಕಲಿಲ್ಲ. ಸೊಂಟದವರೆಗೆ ಕಲ್ಲಾದ. ಬಾಯಿ ಒಣಗಿತು, ಜಂಬವೂ ಒಣಗಿತು.

ನಿಂಗವ್ವ ಬಟ್ಟಲನ್ನು ಅವನ ತುಟಿಗಿಟ್ಟಳು. "ಕುಡಿ ಮಗಾ. ಆಳು ಕೊಟ್ರೂ ಗಂಜಿ ಗಂಜಿನೇ."

ಬಾಗಿದ ಅವಳ ಪಕ್ಕೆಲುಬುಗಳು ಒಂದೊಂದೂ ಕಾಣುತ್ತಿದ್ದವು. ಬಮ್ಮೋಜ ಅವನ್ನು ಒಂದೊಂದಾಗಿ ಎಣಿಸಿದ.

"ಅವ್ವಾ, ಎದುರಿಗೆ ಕೂರು. ನಿನ್ನೇ ಕಡೀತೀನಿ."

"ಈ ಮೂಳೆ ಚಕ್ಕಳನಾ? ನಗ್ತಾರೆ ಕಣೋ."

"ನಗಲಿ. ನಿನ್ನ ಮೈಯೇ ಅಲ್ವೇನವ್ವಾ ನನ್ನ ಮೈಗೆ ಬಂದದ್ದು?"

ಕಡೆದ. ಬತ್ತಿದ ಎದೆ, ಗಂಟುಗಂಟು ಮೊಣಕಾಲು, ಹಲ್ಲೆಲ್ಲ ಕಾಣುವ ನಗು. ಒಂದು ಪಕ್ಕೆಲುಬನ್ನೂ ಮುಚ್ಚಲಿಲ್ಲ. ಕಣ್ಣು ತೆರೆಸಿದ.

ಠಣ್!

ಅಜ್ಜಿ ತಾಳ ತಟ್ಟಿದಳು. ಶಿವ ಕಾಲೆತ್ತಿದ. ಹೊಳೆ ಭೋರ್ಗರೆದು ಬಂದು ತಾಳೆಮರದ ಸಮೇತ ಮಾಂತ್ರಿಕನನ್ನು ಕಡಲಿಗೆ ನೂಕಿತು. ಬಮ್ಮೋಜನ ಸೊಂಟ ಸಡಿಲಿತು, ಕಾಲು ಸಡಿಲಿತು. ಎದ್ದವನೇ ನಿಂಗವ್ವನ ಪಾದಕ್ಕೆ ಬಿದ್ದ.

ರಾಜ ಮತ್ತೆ ಕೇಳಿದ: "ಈ ತಾಯಿ ಯಾರಪ್ಪಾ?"

"ನಮ್ಮವ್ವ!" ಇಡೀ ನಾಡಿಗೆ ಕೇಳುವಂತೆ ಕೂಗಿದ. ಜೀವಮಾನದಲ್ಲಿ ಅವನು ಕೊಚ್ಚಿಕೊಂಡ ಅತಿ ದೊಡ್ಡ ಜಂಬ ಅದೇ.

ಅಂದಿನಿಂದ ಚಂಪಕನಾಡಿನಲ್ಲಿ ಎಲ್ಲರೂ ಹೊಟ್ಟೆತುಂಬ ಉಂಡು ಸುಖವಾಗಿದ್ದರು. ಬಮ್ಮೋಜನ ಮನೆಯಲ್ಲಿ ಮೊದಲ ಬಟ್ಟಲು ನಿಂಗವ್ವನದು. ಅವಳು ಕುಡಿದು ಮುಗಿಸುವ ತನಕ ಮಗ ತನ್ನದನ್ನು ಮುಟ್ಟುತ್ತಿರಲಿಲ್ಲ.