ಒಣಗದ ಟವೆಲ್

ಬೆಟ್ಟದೂರಿನ ವಸತಿಗೃಹದ ಕಿಟಕಿಯ ಬಳಿ ಒಂದು ಕುರ್ಚಿ, ಅದರ ಬೆನ್ನಿಗೆ ಹರವಿದ ಬಿಳಿ ಟವೆಲ್. ಹೊರಗೆ ನಡುಹಗಲಿನ ಬಿಸಿಲು. ಒಳಗೆ ಟವೆಲಿನ ಅಂಚಿನಿಂದ ಒಂದೊಂದೇ ಹನಿ ನೆಲಕ್ಕೆ ಜಾರುತ್ತಿತ್ತು.

ನಾವು ಕಡಲತೀರ ಬಿಟ್ಟು ನಾಲ್ಕು ದಿನಗಳಾಗಿದ್ದವು. ಅಲ್ಲಿ ಅಲೆಗೆ ಕಾಲೊಡ್ಡಿ ನಿಂತಿದ್ದ ಹೆಂಡತಿಯನ್ನು ಕರೆದು, ನಾನು ಎಂದಿನಂತೆ ಮುಂದೆ ನಡೆದಿದ್ದೆ. ಹಿಂತಿರುಗಿ ನೋಡುವ ಅಭ್ಯಾಸ ನಲವತ್ತು ವರ್ಷಗಳಲ್ಲಿ ನನಗೆ ಬಂದಿರಲಿಲ್ಲ. ಕಾರಿನ ಬಳಿ ತಿರುಗಿದಾಗ ಅವಳು ಬೆನ್ನ ಹಿಂದೆಯೇ ಇದ್ದಳು, ಬರಿಗಾಲಲ್ಲಿ, ತಲೆಯೆಲ್ಲ ತೊಯ್ದು.

ಆಮೇಲೆ ಎರಡು ಪುಟ್ಟ ಊರು, ಒಂದು ಉದ್ಯಾನ, ಈ ಬೆಟ್ಟ. ಅವಳ ಕೂದಲು ಒಣಗಲೇ ಇಲ್ಲ. ಉದ್ಯಾನದ ಬೆಂಚಿನಲ್ಲಿ ಹಿಡಿದ ಕೈ ಬಾವಿಯೊಳಗಿನ ಕಲ್ಲಿನಂತೆ ತಣ್ಣಗಿತ್ತು.

“ಸಮುದ್ರಾನೇ ತಲೇಲಿ ಗಂಟು ಕಟ್ಕೊಂಡು ಬಂದಿದ್ದೀಯಲ್ಲೇ!” ಎಂದಿದ್ದೆ. ಮಾತಿಗೆ ಮಾತು ಕೊಡದೆ ಬಿಡದವಳು ಸುಮ್ಮನೆ ನಕ್ಕಿದ್ದಳು.

ಈ ಮಧ್ಯಾಹ್ನ ಕೋಣೆಯಲ್ಲಿದ್ದಾಗ ಫೋನು ಬಂತು. ಕಡಲತೀರದ ಚಹಾದಂಗಡಿಯವಳು.

“ಅಣ್ಣಾ, ಅಕ್ಕ ನಾಲ್ಕು ದಿನದಿಂದ ಚಪ್ಪಲಿ ಮಡಿಲಲ್ಲಿಟ್ಕೊಂಡು ಇಲ್ಲೇ ಕೂತಿದ್ದಾರೆ. ನಿಮ್ಮ ನಂಬರ್ ಅವರೇ ಇವತ್ತು ಕೊಟ್ಟಿದ್ದು. ಹೆಂಡ್ತಿ ಏನು ಕೊಡೆನಾ, ಮರೆತು ಹೋಗೋಕೆ?”

ಕನ್ನಡಿಯ ಮುಂದೆ ಕೂದಲು ಹಿಂಡುತ್ತಿದ್ದವಳು ಎಲ್ಲವನ್ನೂ ಕೇಳಿಸಿಕೊಂಡವಳಂತೆ ಎದ್ದಳು.

“ಪಾಪ, ಒಬ್ಬಳೇ ಕೂತಿದ್ದಾಳೆ. ನೀವು ಇಲ್ಲೇ ಇರಿ, ನಾನೇ ಹೋಗಿ ಕರ್ಕೊಂಡು ಬರ್ತೀನಿ.”

ಬರಿಗಾಲಲ್ಲೇ ಹೊರಟಳು. ಈ ಸಲ ನಾನು ನೋಡುತ್ತಲೇ ಇದ್ದೆ. ಅವಳು ಹಿಂತಿರುಗಿ ನೋಡಲಿಲ್ಲ. ಅವಳ ಹಿಂದೆ ಬಾಗಿಲು ಮೆಲ್ಲನೆ ಮುಚ್ಚಿಕೊಂಡಿತು.