ಒಟ್ಟಿಗೆ ಕೊಟ್ಟ ಬೆಸಾಂವ್

"ವಿನಯಾ, ಎಂತ ಆಯ್ತ್ ಹೇಳ್. ಬೈದ್ರೂ ಅಡ್ಡಿಲ್ಲೆ."

ಬೈಂದೂರಿನಿಂದ ಬಂದ ಅನೂಪ್ ಬ್ರಹ್ಮಾವರದ ಬಸ್ ನಿಲ್ದಾಣದಲ್ಲಿ ದಾರಿಗೆ ಅಡ್ಡ ನಿಂತಿದ್ದ. ಮುಂದಿನ ತಿಂಗಳು ಅವಳ ಕೈಹಿಡಿಯಬೇಕಾದವನು! ಆಸ್ಪತ್ರೆಯ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ವಿನಯಾ ಅವನ ಮುಖವನ್ನೂ ನೋಡದೆ ಕುಂದಾಪುರದ ಬಸ್ ಹತ್ತಿಬಿಟ್ಟಳು.

ಕಾರಣವೇನೋ ಇತ್ತು. "ಮದಿ ಆದ್ಮೇಲೆ ನರ್ಸ್ ಕೆಲ್ಸ ಎಂತಕೆ?" ಎಂದು ಅವನ ತಾಯಿ ಎಲ್ಲರೆದುರು ಕೇಳಿದಾಗ ಅವನು ತುಟಿ ಬಿಚ್ಚಿರಲಿಲ್ಲ. ಅಂದಿನಿಂದ ಇವಳೂ ಬಿಚ್ಚಿಲ್ಲ.

ನನಗೆ ನಿಜವಾಗಿ ಸಿಟ್ಟು ಬಂದಿದೆಯಾ... ಅಥವಾ ನಮ್ಮ ಮನೆಯವರ ಹಾಗೆ ಮಾಡುತ್ತಿದ್ದೇನಾ? ಅವನು ಬೇಕಾ, ಬೇಡವಾ? ಅವಳಿಗೇ ತಿಳಿಯಲಿಲ್ಲ. ಸುಮ್ಮನೆ ಕಣ್ಣು ತುಂಬುತ್ತಿತ್ತು.

ಆ ಮನೆಯ ಕಥೆಯನ್ನೂ ಕೇಳಿ. ಅಪ್ಪ, ಅಮ್ಮನ ನಡುವೆ ಕ್ರಿಸ್ಮಸ್‌ನಿಂದ ಮಾತಿಲ್ಲ. ಅಜ್ಜ, ಅಜ್ಜಿಯೂ ಹೀಗೇ ಇದ್ದರಂತೆ. "ಚಾ ಮಾಡುಕೆ ಹೇಳ್ ನಿನ್ನಮ್ಮಂಗೆ" ಎನ್ನುತ್ತಾರೆ ಅಪ್ಪ, ಅಮ್ಮ ಎದುರಿಗೇ ಕೂತಿದ್ದರೂ! ಆದರೆ ಸಂಜೆಯ ಜಪಮಾಲೆ ತಪ್ಪುವುದಿಲ್ಲ. ಅರ್ಧ ಪ್ರಾರ್ಥನೆ ಅಪ್ಪ ಹೇಳಿದರೆ ಉಳಿದರ್ಧ ಅಮ್ಮ. ದೇವರ ಹತ್ತಿರ ಮಾತ್ರ ಇಬ್ಬರೂ ಸರಾಗ.

ಅಂದು ಪ್ರಾರ್ಥನೆ ನಡೆಸುವ ಸರದಿ ವಿನಯಾಳದು. ನಾವು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು ಎಂಬ ಸಾಲನ್ನು ಎರಡು ಸಲ ಹೇಳಿಬಿಟ್ಟಳು. ಬಸ್ ನಿಲ್ದಾಣದಲ್ಲಿ ನಿಂತವನ ಮುಖ ಕಣ್ಣೆದುರು ಬಂತು. ಸ್ವಾಮೀ, ನಾನು ಕ್ಷಮಿಸಿದ್ದು ಯಾರನ್ನು?

ಹೇಗೋ ಮುಗಿಸಿದಳು. ಪ್ರಾರ್ಥನೆಯಾದ ಮೇಲೆ ಮಕ್ಕಳು ಹಿರಿಯರ ಬೆಸಾಂವ್, ಅಂದರೆ ಆಶೀರ್ವಾದ, ಬೇಡುವುದು ವಾಡಿಕೆ. ಇಲ್ಲಿ ಅಪ್ಪ ಈ ಮೂಲೆಯಿಂದ, ಅಮ್ಮ ಆ ಮೂಲೆಯಿಂದ ಕೊಡುತ್ತಿದ್ದರು. ಇಂದು ಮೊಣಕಾಲೂರಿದ್ದ ವಿನಯಾ ಏಳಲಿಲ್ಲ.

"ಇಬ್ರೂ ಒಟ್ಟಿಗೆ ಕೊಡಿ, ಇಲ್ದಿರೆ ನಂಗೆ ಬೇಡ. ನಾನೂ ಅನೂಪ್ ಹತ್ರ ಮಾತ್ ಬಿಟ್ಟೆ ಅಪ್ಪಾ. ಈ ಮನಿಯಿಂದ ಇದನ್ನೇ ತಕಂಡ್ ಹೋಪುದಾ?"

ಅಪ್ಪ ಶಿಲುಬೆಯನ್ನೇ ನೋಡುತ್ತಾ ನಿಂತರು. ಆಮೇಲೆ ಅಮ್ಮನ ಕಡೆ ತಿರುಗಿದರು.

"ಬಾ... ಮಗ್ಳಿಗೆ ಬೆಸಾಂವ್ ಕೊಡ್ವ."

ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಂದರು. ಒಂದೇ ತಲೆಯ ಮೇಲೆ ಇಬ್ಬರೂ ಕೈಯಿಟ್ಟರು.

ವಿನಯಾ ಅಂಗಳಕ್ಕೆ ಹೋಗಿ ಅನೂಪನಿಗೆ ಫೋನ್ ಮಾಡಿದಳು.

"ಅವತ್ತ್ ನೀವ್ ಎಂತಕ್ ಸುಮ್ನಿದ್ರಿ?"

"ಎಲ್ರ ಎದ್ರ್ ಅಮ್ಮಂಗೆ ಹೇಳುಕ್ ಆಯ್ಲಿಲ್ಲೆ, ತಪ್ಪಾಯ್ತ್. ನೀ ಕೆಲ್ಸ ಬಿಡುದಿಲ್ಲ ಅಂತ ಮನಿಗ್ ಹೋದ್ಮೇಲೆ ಹೇಳಿದೆ." ಅವನ ದನಿ ಸಣ್ಣದಾಯಿತು. "ಸಿಟ್ ಹೋಯ್ತಾ?"

"ಇಲ್ಲೆ, ಇನ್ನೂ ಇತ್ತ್... ಆದ್ರೂ ಮಾತಾಡ್ತೆ."

"ಹಾಂಗಾರೆ ನಾಳೆ ಬೈಂದೂರಿಂದ ಫಸ್ಟ್ ಬಸ್ಸಿಗೇ ಬತ್ತೆ. ಎದ್ರಿಗೇ ಬೈ."