ಡೀಕನ್ ಎಂಬ ಬೆಕ್ಕಿನ ಸಾಕ್ಷಿ

ಹಾರ್ಲೋ ಫಾಲ್ಸ್ ಊರಿನಲ್ಲಿ ರೋಸ್ಕೋ ಪೆಲ್ಕಿಯನ್ನು ಸೋಲಿಸಿದವರು ಇಬ್ಬರೇ. ಒಬ್ಬರು ಮೂರನೇ ಕ್ಲಾಸಿನ ಟೀಚರ್ ಹೆಸ್ಟರ್ ಮೋರಿನ್, ಇನ್ನೊಬ್ಬ ಅವರ ಬೆಕ್ಕು ಡೀಕನ್. ಡೀಕನ್ ಸತ್ತು ಎರಡು ವರ್ಷವಾಗಿತ್ತು. ಸತ್ತ ಮೇಲೆಯೇ ಅವನು ರೋಸ್ಕೋನನ್ನು ಸೋಲಿಸಲು ಶುರುಮಾಡಿದ್ದು.

ಟೀಚರ್ ಮಾಡಿದ ಅನ್ಯಾಯ ನಲವತ್ತು ವರ್ಷ ಹಳೆಯದು. ಲೆಕ್ಕದ ಪರೀಕ್ಷೆಯಲ್ಲಿ ಹುಡುಗ ಎಲ್ಲ ಉತ್ತರವನ್ನೂ ಸರಿ ಬರೆದಿದ್ದ, ಮೇಲೆ ಹೆಸರು ಬರೆಯುವುದನ್ನು ಮರೆತಿದ್ದ. ಹೆಸರಿಲ್ಲದ ಕಾಗದ ಯಾರದ್ದೂ ಅಲ್ಲ ಎಂದು ಟೀಚರ್ ಸೊನ್ನೆ ಸುತ್ತಿದರು. ಒಂದು ವಾರ ಆಟಕ್ಕೆ ಬಿಡಲಿಲ್ಲ. ಆ ಸೊನ್ನೆ ರೋಸ್ಕೋನ ಹೊಟ್ಟೆಯಲ್ಲಿ ಇನ್ನೂ ಕರಗಿರಲಿಲ್ಲ.

ಈಗ ಅವನು ಊರಾಚೆ ಕಸ ಸುಟ್ಟು ಕರೆಂಟು ತೆಗೆಯುವ ಕಂಪನಿಯ ವಕ್ತಾರ. ಗಾಳಿ ಬಿಸಿಲಿನ ಕರೆಂಟಿಗೆ ಸಿಗುವ ಹಸಿರು ಕ್ರೆಡಿಟ್ ಎಂಬ ಸರ್ಕಾರಿ ಪ್ರೋತ್ಸಾಹ ಕಸದ ಕರೆಂಟಿಗೂ ಸಿಗಲಿ ಎಂಬ ಮಸೂದೆ ರಾಜ್ಯದ ಶಾಸನಸಭೆಯ ಸಮಿತಿಯ ಮುಂದಿತ್ತು. ಪಾಸಾದರೆ ರೋಸ್ಕೋಗೆ ರಾಜಧಾನಿಯಲ್ಲಿ ಕಚೇರಿ, ಕಿಟಕಿ, ಕಿಟಕಿಯಾಚೆ ನದಿ. ಬಿದ್ದುಹೋದರೆ ಅವನು ಮತ್ತೆ ಮಾವನ ಹಾಸಿಗೆ ಅಂಗಡಿಗೆ ಹೋಗಬೇಕು. ಅಲ್ಲಿ ಗಿರಾಕಿಗಳಿಗೆ ತೋರಿಸಲು ದಿನಕ್ಕೆ ಹತ್ತು ಸಲ ಹಾಸಿಗೆಯ ಮೇಲೆ ಮಲಗಿ ಏಳುವುದೇ ಅವನ ಕೆಲಸವಾಗಿತ್ತು.

ಎರಡು ಸಲ ಸಮಿತಿಯನ್ನು ಒಲಿಸಿಕೊಂಡಿದ್ದ. ಎರಡು ಸಲವೂ ಟೀಚರ್, ಸತ್ತ ಮೇಲೆ ಚರ್ಮದೊಳಗೆ ಹತ್ತಿ ತುಂಬಿಸಿ ಇಟ್ಟುಕೊಂಡಿದ್ದ ಡೀಕನ್‌ನನ್ನು ತಂದು ಸಾಕ್ಷಿ ಹೇಳುವ ಮೇಜಿನ ಮೇಲೆ ಕೂರಿಸಿದರು. "ಇವನು ಕಸದ ಹೊಗೆ ಕುಡಿದೇ ಸತ್ತ" ಎಂದರು. ಹತ್ತೊಂಬತ್ತು ವರ್ಷ ಬದುಕಿದ ಬೆಕ್ಕು ಇನ್ನೇನು ಕುಡಿದು ಸಾಯಬೇಕಿತ್ತೋ ರೋಸ್ಕೋಗೆ ತಿಳಿಯಲಿಲ್ಲ. ಹೊಲಿದವನು ಎಡಗಡೆ ತುಸು ದೊಡ್ಡ ಗಾಜಿನ ಕಣ್ಣು ಕೂರಿಸಿದ್ದ. ಆ ಕಣ್ಣು ಎದುರಾದರೆ ಸಾಕು, ಗಟ್ಟಿ ಗಟ್ಟಿ ಸೆನೆಟರುಗಳೂ ಮತ ಮುಂದೂಡುತ್ತಿದ್ದರು. ಹೋಗುವಾಗ ಬೆಕ್ಕಿನ ತಲೆ ಸವರಿ ಹೋಗುತ್ತಿದ್ದರು.

"ರೋಸ್ಕೋ, ಬೆನ್ನು ಗೂನು ಮಾಡ್ಬೇಡ" ಎಂದಿದ್ದರು ಟೀಚರ್, ಹೊರಗೆ ಎದುರಾದಾಗ. "ಸುಳ್ಳು ಹೇಳೋದಿದ್ರೂ ನೆಟ್ಟಗೆ ನಿಂತು ಹೇಳು."

"ಆಯ್ತು ಟೀಚರ್" ಎಂದುಬಿಟ್ಟಿದ್ದ ಅವನು. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಬೆನ್ನೂ ನೆಟ್ಟಗಾಗಿತ್ತು.

ಮೂರನೇ ಸಭೆಯೇ ಕೊನೆಯದು. ಒಂದು ತೊಡಕೂ ಇತ್ತು: ಕಸದಲ್ಲಿ ಎಲೆ, ಕಾಗದ, ಕಟ್ಟಿಗೆ, ಉಳಿದ ಅನ್ನಾಹಾರದಂಥ ಬೆಳೆದು ಬಂದ ಪಾಲಿಗೆ ಮಾತ್ರ ಕ್ರೆಡಿಟ್, ಪ್ಲಾಸ್ಟಿಕ್ಕಿಗೆ ಇಲ್ಲ. ಆದ್ದರಿಂದ ಮತದಾನದ ಬೆಳಗ್ಗೆ ಒಂದು ಲಾರಿ ಕಸವನ್ನು ಸರ್ಕಾರಿ ತಪಾಸಣೆಯವಳ ಮುಂದೆ ಸುರಿದು, ಕೈಯಲ್ಲೇ ಬೇರ್ಪಡಿಸಿ, ವರದಿಯನ್ನು ಸಭೆಗೆ ತರಬೇಕೆಂದು ಸಮಿತಿ ಹೇಳಿತ್ತು. ರೋಸ್ಕೋ ಅದನ್ನು ಒಂದೇ ಫೋನಿನಲ್ಲಿ ಮುಗಿಸಿದ.

"ಲಾಯ್ಡ್, ಬುಧವಾರ ಆಕೆ ಮುಂದೆ ಒಂದು ಒಳ್ಳೆ ಲಾರಿ ಸುರಿಸು."

"ಒಳ್ಳೇದು ಅಂದ್ರೆ? ಕಸ ಕಸಾನೇ ಅಲ್ವೇನಯ್ಯ?" ಎಂದ ಸ್ಥಾವರದ ಮ್ಯಾನೇಜರ್ ಲಾಯ್ಡ್.

"ಪ್ಲಾಸ್ಟಿಕ್ ಇರ್ಬಾರ್ದು ಅಷ್ಟೆ. ಯಾವ ಲಾರಿ ಅಂತ ನಂಗೆ ಹೇಳ್ಬೇಡ. ಗೊತ್ತಿಲ್ದಿದ್ರೆ ಯಾರ ಮುಂದೆ ಬೇಕಾದ್ರೂ ಆಣೆ ಇಡ್ಬೋದು."

ಎಂಥ ಮುಂದಾಲೋಚನೆ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಉಳಿದದ್ದು ಬೆಕ್ಕು. ಬೆಕ್ಕಿಗೆ ಗಂಟೆ ಕಟ್ಟುವವರಾರು ಎಂದು ಜಗತ್ತು ಯೋಚಿಸುತ್ತಾ ಕೂರಲಿ, ರೋಸ್ಕೋ ಗಂಟೆಯ ತಂಟೆಗೇ ಹೋಗಲಿಲ್ಲ. ಊರಿನ ಎಲ್ಲ ಸಾಕ್ಷ್ಯವನ್ನೂ ಬೂದಿ ಮಾಡಬಲ್ಲ ಕುಲುಮೆ ಅವನ ಕಂಪನಿಯದೇ ಇತ್ತು. ಅಲ್ಲಿಗೆ ತಾನೇ ಹೊತ್ತುಕೊಂಡು ಹೋಗುವಷ್ಟು ಪೆದ್ದ ಅವನಲ್ಲ. ಅಕ್ಟೋಬರ್ ತಿಂಗಳು, ಬೀದಿಯುದ್ದಕ್ಕೂ ಮರದಿಂದ ಉದುರಿದ ಮೇಪಲ್ ಎಲೆ. ಎಲೆ ಗುಡಿಸುವ ರೇಕ್ ಹಿಡಿದು ಕಾಗದದ ಎಲೆಚೀಲದ ಪಕ್ಕ ನಿಂತ ಮನುಷ್ಯನನ್ನು ನಮ್ಮೂರಲ್ಲಿ ಯಾರೂ ಎರಡನೇ ಸಲ ನೋಡುವುದಿಲ್ಲ.

ಮಂಗಳವಾರ ಮಧ್ಯಾಹ್ನ ಟೀಚರ್ ಲೈಬ್ರರಿಯಲ್ಲಿ ಮಕ್ಕಳಿಗೆ ಕತೆ ಓದುವ ಹೊತ್ತು. ಬಾಗಿಲಿಗೆ ಬೀಗ ಹಾಕುವ ರೂಢಿ ಅವರಿಗಿಲ್ಲ. ಪಿಯಾನೋ ಮೇಲಿನ ಡೀಕನ್ ಅರ್ಧ ನಿಮಿಷದಲ್ಲಿ ಚೀಲದ ತಳ ಸೇರಿದ. ಆಮೇಲೆ ಚೀಲ ತುಂಬಬೇಕಲ್ಲ, ರೋಸ್ಕೋ ಟೀಚರ್ ಅಂಗಳವನ್ನೆಲ್ಲ ಚೊಕ್ಕಟವಾಗಿ ಗುಡಿಸಿದ.

"ಟೀಚರ್ ಅಂಗಳ ಗುಡಿಸ್ತಿದ್ದೀಯಾ?" ಬೇಲಿಯಾಚೆಯಿಂದ ಪಕ್ಕದ ಮನೆಯ ಮುದುಕ ಕೇಳಿದ. "ನೀವಿಬ್ರೂ ಹಾವು ಮುಂಗುಸಿ ಅಂದ್ಕೊಂಡಿದ್ದೆ."

"ಮಸೂದೆ ಜಗಳ ಬೇರೆ, ಮನುಷ್ಯತ್ವ ಬೇರೆ ಕಣಣ್ಣಾ" ಎಂದ ರೋಸ್ಕೋ. ಹೇಳಿದ ಮಾತಿಗೆ ಅವನದೇ ಕಣ್ಣು ತೇವವಾಯಿತು.

ಮನೆಗೆ ತಂದು ಚೀಲದ ಬಾಯನ್ನು ಮೂರು ಮಡಿಕೆ ಮಡಿಸಿದ. ಪುರಸಭೆಯ ಚೀಟಿ ಇಲ್ಲದ ಎಲೆಚೀಲವನ್ನು ಲಾರಿಯವರು ಮುಟ್ಟುವುದಿಲ್ಲ, ಚೀಟಿಯ ಖಾಲಿ ಜಾಗಗಳನ್ನೂ ತುಂಬಿ ನೀಟಾಗಿ ಅಂಟಿಸಿದ. ಬುಧವಾರ ಬೆಳಗ್ಗೆ ಏಳಕ್ಕೆ ಎಲೆಯ ಲಾರಿ ಬಂದು ಚೀಲವನ್ನು ನುಂಗಿತು. ಅವನು ಜಗಲಿಯಲ್ಲಿ ನಿಂತು ಡೋನಟ್ ತಿನ್ನುತ್ತಾ ಅದು ತಿರುವು ದಾಟುವವರೆಗೂ ನೋಡಿದ. ನಮ್ಮೂರಿನ ಎಲೆಯೆಲ್ಲ ಹೋಗುವುದು ಆ ಕುಲುಮೆಗೇ. ಒಂಬತ್ತರೊಳಗೆ ಡೀಕನ್ ಕರೆಂಟಾಗಿ ಯಾರದೋ ಮನೆಯಲ್ಲಿ ಬ್ರೆಡ್ ಸುಡುತ್ತಿರುತ್ತಾನೆ.

ಸಭೆಗೆ ಟೀಚರ್ ಬರಿಗೈಯಲ್ಲಿ ಬಂದರು. ಕಣ್ಣು ಕೆಂಪಾಗಿತ್ತು. "ಡೀಕನ್ ಕಾಣ್ತಿಲ್ಲ" ಎಂದಷ್ಟೇ ಹೇಳಿ ಕುಳಿತರು. ರೋಸ್ಕೋ ಒಂದು ಕ್ಷಣ ಬೇರೆ ಕಡೆ ನೋಡಿದ, ಸುಳ್ಳೇಕೆ ಹೇಳಲಿ. ಆಮೇಲೆ ಅವನು ಸದಸ್ಯರ ಮುಖಗಳನ್ನು ನೋಡಿದ. ಏಳು ಮತ ಇತ್ತ, ನಾಲ್ಕು ಅತ್ತ. ನದಿ ಕಾಣುವ ಕಿಟಕಿಗೆ ಯಾವ ಬಣ್ಣದ ಪರದೆ ಹಾಕಿಸಲಿ ಎಂದು ಯೋಚಿಸತೊಡಗಿದ.

ಲಾರಿಯ ವರದಿಯೊಂದು ಓದಿ ಮುಗಿದರೆ ಮತದಾನ. ತಪಾಸಣೆಯವಳು ರಟ್ಟಿನ ಪೆಟ್ಟಿಗೆ ಹಿಡಿದು ಒಳಗೆ ಬಂದಳು. ಪ್ಲಾಸ್ಟಿಕ್ಕೇ ಇಲ್ಲದ ಲಾರಿ ಎಂದರೆ ಲಾಯ್ಡ್‌ಗೆ ಹೊಳೆದದ್ದು ಒಂದೇ, ಬುಧವಾರದ ಎಲೆಯ ಲಾರಿ. "ನೂರಕ್ಕೆ ತೊಂಬತ್ತೊಂಬತ್ತು ಪಾಲು ಎಲೆ ಮತ್ತು ಕಾಗದ" ಎಂದು ಓದಿದಳು. ರೋಸ್ಕೋ ಮುಗುಳ್ನಕ್ಕ. "ಉಳಿದ ಒಂದು ಪಾಲನ್ನ ಯಾವ ಪಟ್ಟಿಗೆ ಸೇರಿಸ್ಬೇಕೋ ಗೊತ್ತಾಗ್ಲಿಲ್ಲ. ತುಪ್ಪಳ ಬೆಳೆದದ್ದು, ಕಣ್ಣು ಗಾಜು" ಎನ್ನುತ್ತಾ ಡೀಕನ್‌ನನ್ನು ಎತ್ತಿ ಸಾಕ್ಷಿಯ ಮೇಜಿನ ಮೇಲೆ ಕೂರಿಸಿದಳು. ಅವನ ಕಿವಿಗೆ ಒಂದು ಮೇಪಲ್ ಎಲೆ ಸಿಕ್ಕಿಕೊಂಡಿತ್ತು. ದೊಡ್ಡ ಕಣ್ಣು ಸೀದಾ ರೋಸ್ಕೋನನ್ನೇ ನೋಡುತ್ತಿತ್ತು. ಪಕ್ಕದಲ್ಲಿ ಅವಳು ಇಟ್ಟ ಹರಿದ ಚೀಲವನ್ನು ಟೀಚರ್ ಎದ್ದು ಹೋಗಿ ಮೂಗಿನ ಹತ್ತಿರ ಹಿಡಿದು, ಪುರಸಭೆಯ ಚೀಟಿಯಲ್ಲಿ 'ಮನೆಯವರ ಹೆಸರು' ಎಂಬಲ್ಲಿ ದುಂಡಗೆ ಬರೆದಿದ್ದನ್ನು ಓದಿದರು. "ರೋಸ್ಕೋ, ಎದ್ದು ನಿಂತ್ಕೋ" ಎಂದರು. ಅವನು ನಿಂತ, ಬೆನ್ನು ನೆಟ್ಟಗೆ. "ನಲವತ್ತು ವರ್ಷ ಆದ್ರೂ ಪರ್ವಾಗಿಲ್ಲ" ಎಂದರು ಟೀಚರ್, ಡೀಕನ್‌ನ ಕಿವಿಯಿಂದ ಎಲೆ ಬಿಡಿಸುತ್ತಾ, "ಹೆಸರು ಬರಿಯೋದು ಕಲ್ತೆಯಲ್ಲಪ್ಪ."